ರಾಜಪ್ಪನವರಿಗೆ ಬಿದ್ದ ದಂಡ

ಕಾರ್ಮಿಕ ಕಾನೂನು ಓದಿದವರ ಮುಂದೆ ‘ಬೆಂಗಳೂರು ವಾಟರ್ ಸಪ್ಲೈ ಕೇಸು’ ಎಂದರೆ ಸಾಕು, ಉತ್ತರ ಬಾಯಿಪಾಠದಂತೆ ಬರುತ್ತದೆ. 1978, ಸುಪ್ರೀಂ ಕೋರ್ಟು, ಏಳು ನ್ಯಾಯಮೂರ್ತಿಗಳ ಪೀಠ, ಕೃಷ್ಣ ಅಯ್ಯರ್, ‘ಕೈಗಾರಿಕೆ’ ಎಂದರೇನು ಎಂಬುದಕ್ಕೆ ಮೂರು ಒರೆಗಲ್ಲು. ದೇಶದ ಆಸ್ಪತ್ರೆ, ವಿಶ್ವವಿದ್ಯಾಲಯ, ಕ್ಲಬ್ಬುಗಳ ನೌಕರರೆಲ್ಲ ಈ ಒಂದು ತೀರ್ಪಿನ ನೆರಳಿಗೆ ಬಂದರು. ಪ್ರಕರಣದ ಪೂರ್ತಿ ಹೆಸರು ‘ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ವಿರುದ್ಧ ಎ. ರಾಜಪ್ಪ’. ಸರಿ, ಈ ರಾಜಪ್ಪನವರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಯಾತಕ್ಕೆ ಎಂದು ಕೇಳಿ ನೋಡಿ. ‘ಏನೋ ಡಿಸ್ಮಿಸ್ ಮಾಡಿದ್ದಿರಬೇಕು’ ಎನ್ನುವವರೇ ಹೆಚ್ಚು. ಅದು ತಪ್ಪು. ಅವರನ್ನು ಯಾರೂ ವಜಾ ಮಾಡಿರಲಿಲ್ಲ. ಅವರಿಗೆ ದಂಡ ಹಾಕಿ, ಆ ಹಣವನ್ನು ವಸೂಲು ಮಾಡಿಕೊಂಡಿದ್ದರು.

ಏನು ಮಾಡಿದ್ದಕ್ಕೆ ದಂಡ? ಎಷ್ಟು? ಅದು ವಾಪಸು ಬಂತೆ? ಮೂರೂ ಸಣ್ಣ ಪ್ರಶ್ನೆಗಳು. ಇಷ್ಟು ದೊಡ್ಡ ತೀರ್ಪಿನಲ್ಲಿ ಇವಕ್ಕೆ ಉತ್ತರ ಸಿಗದಿರಲಾರದು ಎಂಬ ನಂಬಿಕೆಯಲ್ಲೇ ನಾನು ಹುಡುಕಾಟ ಶುರುಮಾಡಿದ್ದು.

ಮೊದಲ ದಾಖಲೆ, ತೀರ್ಪಿನ ಅಚ್ಚು. ಇದು ಮೂರು ಕಡೆ ಸಿಗುತ್ತದೆ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಯ 1978ರ ಮೂರನೇ ಸಂಪುಟದ 207ನೇ ಪುಟ. ವಕೀಲರ ಬಾಯಲ್ಲಿ ಎಐಆರ್ ಎನಿಸಿಕೊಂಡ ವರದಿಯಲ್ಲಿ 548ನೇ ಪುಟ. ಎಸ್‌ಸಿಸಿ ಎಂಬ ಇನ್ನೊಂದು ವರದಿಯ ಎರಡನೇ ಸಂಪುಟದಲ್ಲಿ 213. ಶೀರ್ಷಿಕೆಯನ್ನೇ ನಿಧಾನವಾಗಿ ಓದಬೇಕು. ಮಂಡಳಿಯ ಹೆಸರಿನ ಮುಂದೆ ‘ಇತ್ಯಾದಿ’ ಎಂದಿದೆ, ರಾಜಪ್ಪನವರ ಹೆಸರಿನ ಮುಂದೆ ‘ಮತ್ತು ಇತರರು’. ಅಂದರೆ ಎರಡೂ ಕಡೆ ಜನ ಹೆಚ್ಚಿದ್ದರು. ದೂರು ಒಬ್ಬರದ್ದಲ್ಲ. ಇತರರ ಹೆಸರುಗಳು ನಮ್ಮ ನೆನಪಿನಿಂದ ಜಾರಿದ್ದಕ್ಕೆ ಆ ಎರಡು ಪದಗಳೇ ಕಾರಣ.

ಸಂಗತಿಗಳು ಇರುವುದು ಹೆಡ್‌ನೋಟಿನಲ್ಲಿ, ಅದೂ ಒಂದೇ ಪ್ಯಾರಾದಲ್ಲಿ. ದುರ್ನಡತೆಗಾಗಿ ಮಂಡಳಿ ಈ ನೌಕರರಿಗೆ ದಂಡ ವಿಧಿಸಿತು, ಬೇರೆ ಬೇರೆ ಮೊತ್ತ ವಸೂಲು ಮಾಡಿತು. ತಮ್ಮ ಮಾತು ಕೇಳದೆ, ಸಹಜ ನ್ಯಾಯದ ತತ್ವಕ್ಕೆ ವಿರುದ್ಧವಾಗಿ ಈ ಶಿಕ್ಷೆ ಕೊಟ್ಟಿದ್ದಾರೆಂದು ನೌಕರರು ಕೈಗಾರಿಕಾ ವಿವಾದಗಳ ಕಾಯ್ದೆಯ 33ಸಿ(2) ಕಲಮಿನಡಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಕ್ಲೇಮು ಅರ್ಜಿಯ ಸಂಖ್ಯೆ 5/72. ಮಂಡಳಿ ಅಲ್ಲಿ ಎತ್ತಿದ್ದು ಪ್ರಾಥಮಿಕ ಆಕ್ಷೇಪ. ನಾವು ಶಾಸನಬದ್ಧ ಸಂಸ್ಥೆ, ನಾಗರಿಕರಿಗೆ ಮೂಲ ಸೌಕರ್ಯ ಒದಗಿಸುವುದು ರಾಜ್ಯಾಧಿಕಾರಕ್ಕೆ ಸೇರಿದ ಕೆಲಸ, ಆದ್ದರಿಂದ ನಾವು ಕೈಗಾರಿಕೆಯಲ್ಲ. ನಾವು ಕೈಗಾರಿಕೆಯಲ್ಲದ ಮೇಲೆ ಇವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೂ ಅಲ್ಲ. ಈ ಕೋರ್ಟಿಗೆ ಅರ್ಜಿ ಕೇಳುವ ಅಧಿಕಾರವೇ ಇಲ್ಲ. ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಮಂಡಳಿ 1973ರಲ್ಲಿ 868 ಮತ್ತು 2439ನೇ ರಿಟ್ ಅರ್ಜಿಗಳೊಂದಿಗೆ ಹೈಕೋರ್ಟಿಗೆ ಹೋಯಿತು, ವಿಭಾಗೀಯ ಪೀಠದಲ್ಲಿ ಸೋತಿತು. ಅಲ್ಲಿಂದ 1975ರ 753 ಮತ್ತು 754ನೇ ಮೇಲ್ಮನವಿಗಳಾಗಿ ವಿವಾದ ದೆಹಲಿ ಸೇರಿತು.

ಇಷ್ಟು ಸಿಕ್ಕಾಗ ದಾರಿ ಸಲೀಸು ಅನ್ನಿಸುತ್ತದೆ. ಆದರೆ ಹೆಡ್‌ನೋಟು ನ್ಯಾಯಮೂರ್ತಿಗಳ ಮಾತಲ್ಲ; ವರದಿಯ ಸಂಪಾದಕರು ಓದುಗರ ಅನುಕೂಲಕ್ಕೆ ಬರೆದ ಸಾರಾಂಶ. ಕೋರ್ಟಿನಲ್ಲಿ ಅದನ್ನೇ ತೀರ್ಪೆಂದು ಓದಿದರೆ ಪೀಠ ತಡೆಯುತ್ತದೆ. ನಮ್ಮ ಸಂಗತಿಗಳೆಲ್ಲ ನಿಂತಿರುವುದು ಈ ಎರಡನೇ ಕೈಯ ಬರಹದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಅದರಲ್ಲೇ ಒಂದು ಸಣ್ಣ ಸುಳಿವೂ ಇದೆ. ರಿಟ್ ಅರ್ಜಿಗಳು ‘ಕರ್ನಾಟಕ ಹೈಕೋರ್ಟಿ’ನಲ್ಲಿ ಸಲ್ಲಿಕೆಯಾದವು ಎನ್ನುತ್ತದೆ ಹೆಡ್‌ನೋಟು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದೇ ವರ್ಷದ ಸಾಲಿನಲ್ಲಿ 868ನೆಯದಾಗಿ ದಾಖಲಾದ ಅರ್ಜಿ ನವೆಂಬರಿಗಿಂತ ಬಹಳ ಮೊದಲೇ, ಇನ್ನೂ ‘ಮೈಸೂರು ಹೈಕೋರ್ಟು’ ಎಂಬ ಫಲಕವಿದ್ದಾಗಲೇ ಸಲ್ಲಿಕೆಯಾಗಿರಬೇಕು. ಇದು ನನ್ನ ಊಹೆ, ಆದರೆ ಬಲವಾದ ಊಹೆ. ಸಂಪಾದಕರು ತಪ್ಪು ಮಾಡಿದರೆಂದಲ್ಲ, 1978ರಲ್ಲಿ ಕುಳಿತು 1973ನ್ನು 1978ರ ಹೆಸರಿನಲ್ಲಿ ಕರೆದರು. ಬರೆದವರು ಘಟನೆಯಿಂದ ಎಷ್ಟು ದೂರದಲ್ಲಿದ್ದರು ಎಂಬುದು ಇಂಥ ಕಡೆಯೇ ಗೊತ್ತಾಗುವುದು.

ಇನ್ನೊಂದು ತೊಡಕು. ಕ್ಲೇಮು ಅರ್ಜಿ ಒಂದೇ, 5/72. ಅದನ್ನು ಪ್ರಶ್ನಿಸಿದ ರಿಟ್ ಅರ್ಜಿಗಳು ಎರಡು, ಅವುಗಳ ಸಂಖ್ಯೆಗಳ ನಡುವೆ ಸಾವಿರದೈನೂರಕ್ಕೂ ಹೆಚ್ಚಿನ ಅಂತರ. ಒಂದೇ ದಿನ ಒಟ್ಟಿಗೆ ಸಲ್ಲಿಸಿದ್ದಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟ. ಹಾಗಾದರೆ ಎರಡನೆಯದು ಬೇರೊಂದು ಆದೇಶದ ಮೇಲೋ, ಬೇರೆ ನೌಕರರ ಮೇಲೋ? ಶೀರ್ಷಿಕೆಯ ‘ಇತರರು’ ಎರಡನೆಯ ಊಹೆಯ ಕಡೆ ವಾಲುತ್ತದೆ, ಹೆಡ್‌ನೋಟಿನ ಏಕವಚನ ಮೊದಲನೆಯದರ ಕಡೆ. ಒಂದನ್ನು ಆರಿಸಿಕೊಳ್ಳಲು ಸಾಕಾಗುವಷ್ಟು ಪುರಾವೆ ಅಚ್ಚಿನಲ್ಲಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡೇ ಮುಂದೆ ಹೋದೆ.

ನ್ಯಾಯಮೂರ್ತಿಗಳ ಅಭಿಪ್ರಾಯಗಳ ಕಡೆ ತಿರುಗಿದರೆ ರಾಜಪ್ಪನವರು ಮರೆಯಾಗಿಬಿಡುತ್ತಾರೆ. ಅಲ್ಲಿರುವುದು ಪೂರ್ವನಿರ್ಣಯಗಳ ಸಾಲು. ದಂಡದ ಮೊತ್ತಕ್ಕೆ, ತಪ್ಪಿನ ಸ್ವರೂಪಕ್ಕೆ ಅಲ್ಲಿ ಜಾಗವಿಲ್ಲ. ಇದು ಇವರೊಬ್ಬರ ಗತಿಯೇ, ಅಥವಾ ಇಂಥ ಪ್ರಕರಣಗಳ ಜಾಯಮಾನವೇ ಹೀಗೆಯೇ ಎಂದು ನೋಡಲು ಆ ಪೂರ್ವನಿರ್ಣಯಗಳನ್ನೇ ಒಂದೊಂದಾಗಿ ತೆಗೆದೆ. 1953ರ ಬಜ್‌ಬಜ್ ಪುರಸಭೆಯ ಪ್ರಕರಣ ಹುಟ್ಟಿದ್ದು ಒಬ್ಬ ಹೆಡ್ ಕ್ಲರ್ಕ್ ಮತ್ತು ಒಬ್ಬ ಸ್ಯಾನಿಟರಿ ಇನ್‌ಸ್ಪೆಕ್ಟರ್ ಕೆಲಸ ಕಳೆದುಕೊಂಡಿದ್ದರಿಂದ. 1960ರ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದ ಬುಡದಲ್ಲಿರುವವರು ಮುಂಬಯಿಯ ಜೆ.ಜೆ. ಆಸ್ಪತ್ರೆ ಸಮೂಹದ ಇಬ್ಬರು ವಾರ್ಡ್ ಕೆಲಸಗಾರರು. 1963ರ ದೆಹಲಿ ವಿಶ್ವವಿದ್ಯಾಲಯದ ಪ್ರಕರಣ ಇಬ್ಬರು ಬಸ್ ಡ್ರೈವರುಗಳದ್ದು; ಬಸ್ಸು ಓಡಿಸುವುದು ನಷ್ಟವೆಂದು ಅವರನ್ನು ಮನೆಗೆ ಕಳಿಸಿದ್ದರು. ಎಲ್ಲ ಕಡೆಯೂ ಎದುರು ಪಕ್ಷದ ಉತ್ತರ ಒಂದೇ. ನಾವು ಮಾಡಿದ್ದು ಸರಿ ಎಂದು ವಾದಿಸುವ ಮೊದಲೇ ನಾವು ಕೈಗಾರಿಕೆಯೇ ಅಲ್ಲ ಎಂದರು. ಪುರಸಭೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಕೊನೆಗೆ ಜಲಮಂಡಳಿ. ಜಗಳದ ವಿಷಯ ‘ನೀವು ಏನು ಮಾಡಿದಿರಿ’ ಎಂಬುದರಿಂದ ‘ನಾವು ಯಾರು’ ಎಂಬುದಕ್ಕೆ ತಿರುಗಿದ ಕ್ಷಣವೇ ಡ್ರೈವರು, ವಾರ್ಡ್ ಕೆಲಸಗಾರರು, ರಾಜಪ್ಪ ಎಲ್ಲರೂ ಕಾಗದದ ಅಂಚಿಗೆ ಸರಿದರು.

ಅಲ್ಲಿಗೆ ಹುಡುಕಾಟ ನಿಂತುಹೋಗಬೇಕಿತ್ತು. ಅದನ್ನು ಮತ್ತೆ ಎಬ್ಬಿಸಿದ್ದು ನಾನು ಅಷ್ಟು ಹೊತ್ತೂ ಬರೀ ವಿಳಾಸವೆಂಬಂತೆ ಓದುತ್ತಿದ್ದ ಒಂದು ಕಲಮಿನ ಸಂಖ್ಯೆ, 33ಸಿ(2).

ಕೈಗಾರಿಕಾ ವಿವಾದಗಳ ಕಾಯ್ದೆ 1947ರದ್ದು. ಅದರ ಲೋಕದಲ್ಲಿ ಒಬ್ಬನೇ ಕಾರ್ಮಿಕನಿಗೆ ಹೆಚ್ಚು ಬೆಲೆಯಿರಲಿಲ್ಲ. ಅವನ ದೂರು ವಿವಾದವಾಗಬೇಕಾದರೆ ಸಂಘವೋ, ಸಹಕಾರ್ಮಿಕರ ಒಂದು ಗುಂಪೋ ಅದನ್ನು ಎತ್ತಿಕೊಳ್ಳಬೇಕು. ಆಮೇಲೆ ಸರ್ಕಾರ ಅದನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. 1965ರಲ್ಲಿ ಸೇರಿದ 2ಎ ಕಲಮು ಒಂಟಿ ಕಾರ್ಮಿಕನಿಗೆ ಒಂದು ಬಾಗಿಲು ತೆರೆಯಿತು, ಆದರೆ ಅದು ಕೆಲಸದಿಂದ ತೆಗೆದವರಿಗೆ ಮಾತ್ರ. ದಂಡ ತೆತ್ತು ಕೆಲಸದಲ್ಲಿ ಉಳಿದವರಿಗೆ ಅದರಿಂದ ಪ್ರಯೋಜನವಿಲ್ಲ. ಉಳಿದದ್ದು 33ಸಿ(2). ಮಾಲೀಕರಿಂದ ಬರಬೇಕಾದ ಹಣವನ್ನು ಲೆಕ್ಕ ಹಾಕಿಕೊಡಿ ಎಂದು ಕಾರ್ಮಿಕ ತಾನೇ, ಸರ್ಕಾರದ ಅಪ್ಪಣೆಗೆ ಕಾಯದೆ, ನೇರವಾಗಿ ಕಾರ್ಮಿಕ ನ್ಯಾಯಾಲಯವನ್ನು ಕೇಳಬಹುದಾಗಿದ್ದ ಕಲಮು ಅದು.

ಅಂದರೆ ಆ ಸಂಖ್ಯೆಯೇ ಒಂದು ಚಿತ್ರ ಕೊಡುತ್ತದೆ. ಕೆಲಸ ಹೋಗಿಲ್ಲ. ಬಡ್ತಿ, ಬೋನಸ್ಸು, ಕೂಲಿ ಹೆಚ್ಚಳದ ಜಗಳವಲ್ಲ. ಕೈಗೆ ಬರಬೇಕಾದ ದುಡ್ಡು ಕಡಿಮೆ ಬಂದಿದೆ, ಅದನ್ನು ವಾಪಸು ಕೇಳುತ್ತಿದ್ದಾರೆ. ಕೇಳುತ್ತಲೇ ಅದೇ ಮಂಡಳಿಯ ಕೆಲಸಕ್ಕೆ ಬೆಳಿಗ್ಗೆ ಹಾಜರಾಗುತ್ತಿದ್ದಾರೆ ಎನ್ನಲೂ ಅಡ್ಡಿಯಿಲ್ಲ; ಕೆಲಸ ಕಳೆದುಕೊಂಡಿದ್ದರೆ ಅರ್ಜಿಯ ರೂಪವೇ ಬೇರೆಯಾಗುತ್ತಿತ್ತು. ಹೆಡ್‌ನೋಟು ಒಂದು ಪ್ಯಾರಾದಲ್ಲಿ ಹೇಳಿದ್ದಕ್ಕಿಂತ ಹೆಚ್ಚನ್ನು ಅದರೊಳಗಿನ ಒಂದು ಅಂಕಿ ಹೇಳಿತು.

ಆದರೆ ಈ ಚಿತ್ರವನ್ನು ಎಲ್ಲಿಯವರೆಗೆ ನಂಬಬೇಕು? 33ಸಿ(2)ರಲ್ಲಿ ಹೋದರೆಂದ ಮಾತ್ರಕ್ಕೆ ಬೆನ್ನ ಹಿಂದೆ ಸಂಘ ಇರಲಿಲ್ಲ ಎನ್ನುವಂತಿಲ್ಲ. ಅರ್ಜಿ ಬರೆಸುವುದರಿಂದ ಹಿಡಿದು ವಕೀಲರ ಫೀಸಿನವರೆಗೆ ಸಂಘ ನೋಡಿಕೊಂಡು ಕಾಗದದ ಮೇಲೆ ಹೆಸರು ಮಾತ್ರ ನೌಕರರದ್ದಿರುವುದು ನಮ್ಮಲ್ಲಿ ಸಾಮಾನ್ಯ. ದೆಹಲಿಯವರೆಗೆ ಹೋದ ವ್ಯಾಜ್ಯವಾದರಂತೂ ಆ ಸಾಧ್ಯತೆ ಹೆಚ್ಚು. ಇನ್ನೊಂದು ಅಡಚಣೆಯೂ ಇದೆ. ಈ ಕಲಮು ಇದ್ದದ್ದು ಹೆಚ್ಚುಕಡಿಮೆ ಜಾರಿ ಪ್ರಕ್ರಿಯೆಯಂತೆ, ಒಪ್ಪಿತವಾದ ಹಕ್ಕಿನ ಮೇಲೆ ಮೊತ್ತ ಲೆಕ್ಕ ಹಾಕಲು. ಶಿಕ್ಷೆಯೇ ಅಕ್ರಮ ಎಂದು ಮೊದಲು ತೀರ್ಮಾನಿಸಿ ಆಮೇಲೆ ಹಣ ಕೊಡಿಸಲು ಆ ನ್ಯಾಯಾಲಯಕ್ಕೆ ಅಧಿಕಾರವಿದೆಯೇ ಎಂದು ಮಂಡಳಿ ಕೇಳಬಹುದಿತ್ತು. ಅದು ಗಟ್ಟಿಯಾದ ಪ್ರಶ್ನೆ, ಬಹುಶಃ ಗೆಲ್ಲಬಹುದಾಗಿದ್ದ ಪ್ರಶ್ನೆ. ಹೆಡ್‌ನೋಟಿನಲ್ಲಿ ಕಾಣುವ ಆಕ್ಷೇಪ ಮಾತ್ರ ಅದಲ್ಲ. ಹತ್ತಿರದ ವಾದವನ್ನು ಬಿಟ್ಟು ಮಂಡಳಿ ಅತಿ ದೂರದ, ಅತಿ ದೊಡ್ಡ ವಾದಕ್ಕೆ ಕೈಹಾಕಿತು.

ಆ ವಾದ ಎಷ್ಟು ತೂಗುತ್ತಿತ್ತು? ಜಲಮಂಡಳಿ ಹುಟ್ಟಿದ್ದು 1964ರ ಕಾಯ್ದೆಯಿಂದ, ಅದೇ ವರ್ಷದ ಅಕ್ಟೋಬರ್ 2ರಂದು. ಊರಿಗೆ ಆಗ ಆಧಾರ ಅರ್ಕಾವತಿ: ಹತ್ತೊಂಬತ್ತನೇ ಶತಮಾನದ ಕೊನೆಯ ಹೆಸರಘಟ್ಟ, 1930ರ ದಶಕದ ತಿಪ್ಪಗೊಂಡನಹಳ್ಳಿ ಜಲಾಶಯಗಳು. 5/72ನೇ ಅರ್ಜಿ ಬಿದ್ದಾಗ ಕಾವೇರಿ ನೀರು ಇನ್ನೂ ಬೆಂಗಳೂರಿಗೆ ಬಂದಿರಲಿಲ್ಲ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಮೀಟರು ಇಟ್ಟು, ಬಿಲ್ಲು ಕೊಟ್ಟು, ಕಟ್ಟದಿದ್ದರೆ ಸಂಪರ್ಕ ಕಡಿಯುವ ಸಂಸ್ಥೆಯೊಂದು ತಾನು ಮಾಡುತ್ತಿರುವುದು ಸೈನ್ಯ, ಪೊಲೀಸು, ನ್ಯಾಯದಾನದ ಸಾಲಿಗೆ ಸೇರಿದ ರಾಜಕಾರ್ಯ ಎಂದಿತು. ಕೇಳಲು ವಿಚಿತ್ರ, ಆದರೆ ಪೂರಾ ತಲೆಬುಡವಿಲ್ಲದ ಮಾತೂ ಅಲ್ಲ. ನೀರು ಕೊಡುವುದು ಆಳುವವರ ಧರ್ಮ ಎಂಬ ಭಾವನೆ ಕೆರೆ ಕಟ್ಟಿಸಿದ ದೊರೆಗಳ ನಾಡಿನಲ್ಲಿ ಹೊಸದೇನಲ್ಲ.

ಅದರ ಎದುರಿಗಿದ್ದ ಅತಿ ಬಲವಾದ ಸಾಕ್ಷಿ ಕೈಗಾರಿಕಾ ವಿವಾದಗಳ ಕಾಯ್ದೆಯೊಳಗೇ ಇತ್ತು. 2(ಎನ್) ಕಲಮು ‘ಸಾರ್ವಜನಿಕ ಉಪಯುಕ್ತ ಸೇವೆ’ಗಳನ್ನು ಪಟ್ಟಿ ಮಾಡುವಾಗ ಜನರಿಗೆ ವಿದ್ಯುತ್ತು, ಬೆಳಕು, ನೀರು ಒದಗಿಸುವ ಕೈಗಾರಿಕೆಯನ್ನು ಹೆಸರಿಸುತ್ತಿತ್ತು, ಕಸ, ಕೊಳಚೆ ವಿಲೇವಾರಿಯ ವ್ಯವಸ್ಥೆಯನ್ನೂ ಸೇರಿಸುತ್ತಿತ್ತು. ನೀರು ಮತ್ತು ಒಳಚರಂಡಿ ಎರಡೂ ಬಂದಂತಾಯಿತು. 1953ರ ಪುರಸಭೆಯ ತೀರ್ಪು ಈ ಪಟ್ಟಿಯ ಮೇಲೆ ಬೆನ್ನಿಟ್ಟೇ ಕುಳಿತಿದೆ. ಹಾಗಂತ ವಿವಾದ ಅಲ್ಲಿಗೇ ಮುಗಿಯುವುದಿಲ್ಲ. ನೀರು ಕೊಡುವ ‘ಕೈಗಾರಿಕೆ’ ಎಂದರೆ ನೀರು ಕೊಡುವವರೆಲ್ಲ ಕೈಗಾರಿಕೆ ಎಂದಾಗುವುದಿಲ್ಲ. ಮೊದಲು ಕೈಗಾರಿಕೆಯಾಗಿರಬೇಕು, ಆಮೇಲೆ ನೀರು. ಒಳ್ಳೆಯ ವಕೀಲರು ಈ ಸಂದಿಯಲ್ಲಿ ಒಂದು ದಿನ ವಾದಿಸಬಲ್ಲರು.

ಸಂದಿ ಹಿರಿದಾಗಲು ಸುಪ್ರೀಂ ಕೋರ್ಟಿನದೇ ಕಾರಣವಿತ್ತು. ಆಸ್ಪತ್ರೆ ಕೈಗಾರಿಕೆ ಎಂದು 1960ರಲ್ಲಿ ಹೇಳಿದ ಕೋರ್ಟು 1970ರ ಸಫ್ದರ್‌ಜಂಗ್ ಆಸ್ಪತ್ರೆ ಪ್ರಕರಣದಲ್ಲಿ ಅಲ್ಲ ಎಂದಿತು. ಸಾಲಿಸಿಟರುಗಳ ಕಚೇರಿ, ಮದ್ರಾಸ್ ಜಿಮ್ಖಾನಾದಂಥ ಕ್ಲಬ್ಬು ಹೊರಗುಳಿದವು. ಸಫ್ದರ್‌ಜಂಗಿನಲ್ಲಿ ಕುಳಿತವರು ಆರು ನ್ಯಾಯಮೂರ್ತಿಗಳು. ಅದನ್ನು ಮುರಿಯಬೇಕಾದರೆ ಅದಕ್ಕಿಂತ ದೊಡ್ಡ ಪೀಠ ಬೇಕು. ರಾಜಪ್ಪನವರ ದಂಡದ ಲೆಕ್ಕಕ್ಕೆ ಏಳು ಜನ ಕೂಡಿದ್ದರ ಹಿಂದಿನ ಗಣಿತ ಇದು. ಆ ಏಳು ಜನ ಬಂದದ್ದು ರಾಜಪ್ಪನವರಿಗಾಗಿ ಅಲ್ಲ. ದೇಶದ ಗೊಂದಲ ಬಗೆಹರಿಸಲು ಒಂದು ಪ್ರಕರಣ ಬೇಕಿತ್ತು, ಬೇರೆ ಮೇಲ್ಮನವಿಗಳ ಜೊತೆಗೆ ಬೆಂಗಳೂರಿನದು ಮುಂದಿನ ಸಾಲಿನಲ್ಲಿ ನಿಂತಿತ್ತು.

‘ಕೃಷ್ಣ ಅಯ್ಯರ್ ತೀರ್ಪು’ ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಬೇಕು. ಅಯ್ಯರ್ ಬರೆದದ್ದು ತಮ್ಮ, ಪಿ.ಎನ್. ಭಗವತಿಯವರ ಮತ್ತು ಡಿ.ಎ. ದೇಸಾಯಿಯವರ ಪರವಾಗಿ. ಅಂದರೆ ಏಳರಲ್ಲಿ ಮೂರು. ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ಪ್ರತ್ಯೇಕವಾಗಿ ಬರೆದು ಒಪ್ಪಿದರು, ನಾಲ್ಕಾಯಿತು. ವೈ.ವಿ. ಚಂದ್ರಚೂಡ್ ಫಲಿತಾಂಶ ಒಪ್ಪಿ ಕಾರಣಗಳನ್ನು ಆಮೇಲೆ ಕೊಡುವುದಾಗಿ ಹೇಳಿದರು. ಜಸ್ವಂತ್ ಸಿಂಗ್ ಮತ್ತು ವಿ.ಡಿ. ತುಲ್ಜಾಪುರ್ಕರ್ ಒಪ್ಪಲಿಲ್ಲ, ಅವರ ಕಾರಣಗಳೂ ಆಮೇಲೆ. ಎಲ್ಲ ಪುಸ್ತಕಗಳೂ ತೀರ್ಪಿಗೆ ಕೊಡುವ ದಿನಾಂಕ 1978ರ ಫೆಬ್ರವರಿ 21. ಮರುದಿನವೇ ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿ. ಬೇಗ್ ಅವರ ಅವಧಿ ಮುಗಿದಿತ್ತು. ಹಾಗಾಗಿ ಒಂದೇ ದಿನಾಂಕದಡಿ ನಾವು ಓದುವ ಪುಟಗಳಲ್ಲಿ ಕೆಲವು ಆ ದಿನ ಇರಲೇ ಇಲ್ಲ, ವಾರಗಳ ನಂತರ ಬಂದು ಸೇರಿದವು. ಅವಸರದ ಈ ಗುರುತನ್ನು 2005ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠವೇ ಎತ್ತಿ ತೋರಿಸಿತು: ಕೆಲವು ನ್ಯಾಯಮೂರ್ತಿಗಳಿಗೆ ಸಹನ್ಯಾಯಮೂರ್ತಿಗಳ ಅಭಿಪ್ರಾಯ ಓದುವ ಅವಕಾಶವೇ ಸಿಕ್ಕಿರಲಿಲ್ಲ ಎಂದು. ನನಗೆ ಇದು ತೀರ್ಪಿನ ಬೆಲೆ ಕಡಿಮೆ ಮಾಡುವ ಸಂಗತಿ ಎನ್ನಿಸುವುದಿಲ್ಲ. ಒಟ್ಟು ಐದು-ಎರಡು ಎಂಬ ಲೆಕ್ಕ ನಿಲ್ಲುತ್ತದೆ. ಆದರೆ ಐವರೂ ಒಂದೇ ದಾರಿಯಲ್ಲಿ ನಡೆದು ಅಲ್ಲಿ ಸೇರಿದರು ಎಂದು ಹೇಳುವಂತಿಲ್ಲ.

ಅಯ್ಯರ್ ಕೊಟ್ಟ ಒರೆಗಲ್ಲು ಇದು. ವ್ಯವಸ್ಥಿತವಾದ ಚಟುವಟಿಕೆ ಇರಬೇಕು, ಮಾಲೀಕ-ನೌಕರರ ಸಹಕಾರದಿಂದ ನಡೆಯಬೇಕು, ಜನರ ಬೇಕುಗಳಿಗಾಗಿ ವಸ್ತು ಅಥವಾ ಸೇವೆ ಹುಟ್ಟಬೇಕು. ಲಾಭದ ಉದ್ದೇಶ ಇದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. ಪಾರಮಾರ್ಥಿಕ ಕೆಲಸ ಹೊರಗೆ, ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದು ಒಳಗೆ. ಉಡುಪಿ, ಧರ್ಮಸ್ಥಳಗಳ ಪಾಕಶಾಲೆ ಕಂಡ ಕನ್ನಡಿಗನಿಗೆ ಈ ಉದಾಹರಣೆ ಬಿಡಿಸಿ ಹೇಳಬೇಕಿಲ್ಲ. ರಾಜ್ಯದ ಸಾರ್ವಭೌಮ ಕಾರ್ಯ ಎಂದು ಬಿಡುವುದಿದ್ದರೆ ಅದನ್ನು ಅತ್ಯಂತ ಕಿರಿದಾಗಿ ಓದಬೇಕು. ಸಫ್ದರ್‌ಜಂಗ್, ಜಿಮ್ಖಾನಾ, ದೆಹಲಿ ವಿಶ್ವವಿದ್ಯಾಲಯ, ಸಾಲಿಸಿಟರುಗಳ ಪ್ರಕರಣ ಎಲ್ಲ ಬಿದ್ದುಹೋದವು. ಹಾಸ್ಪಿಟಲ್ ಮಜ್ದೂರ್ ಸಭಾ ಮತ್ತೆ ಎದ್ದು ನಿಂತಿತು. ಮಂಡಳಿಯ ಮೇಲ್ಮನವಿ ವಜಾ.

ಮುಂದಿನದು ಗೊಂದಲದ ಇನ್ನೊಂದು ಅಧ್ಯಾಯ, ಅದನ್ನು ಬೇಗ ದಾಟುತ್ತೇನೆ. 1982ರಲ್ಲಿ ಸಂಸತ್ತು ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಡುವ ಹೊಸ ವ್ಯಾಖ್ಯೆಯನ್ನು ಅಂಗೀಕರಿಸಿತು. ಆ ತಿದ್ದುಪಡಿಯ ಉಳಿದ ಭಾಗಗಳು 1984ರಲ್ಲಿ ಜಾರಿಗೆ ಬಂದವು, ಈ ವ್ಯಾಖ್ಯೆ ಮಾತ್ರ ಬರಲಿಲ್ಲ. ಹೊರಬೀಳುವ ನೌಕರರ ದೂರು ಕೇಳಲು ಪರ್ಯಾಯ ವ್ಯವಸ್ಥೆಯೇ ಆಗಿರಲಿಲ್ಲ. ಕಾಯ್ದೆಯ ಮೂಲಪಾಠ (ಬೇರ್ ಆಕ್ಟ್) ತೆರೆದರೆ ಎರಡೂ ವ್ಯಾಖ್ಯೆಗಳು ಒಂದೇ ಪುಟದ ಆಸುಪಾಸಿನಲ್ಲಿ: ಮೇಲೆ ಹಳೆಯದು, ಅಡಿಟಿಪ್ಪಣಿಯ ಸಣ್ಣ ಅಕ್ಷರಗಳಲ್ಲಿ ಜಾರಿಯಾಗದ ಹೊಸದು. 2005ರಲ್ಲಿ ಉತ್ತರ ಪ್ರದೇಶದ ಸಾಮಾಜಿಕ ಅರಣ್ಯ ವಿಭಾಗದ ನೌಕರರೊಬ್ಬರ ಪ್ರಕರಣದಲ್ಲಿ ಐವರ ಪೀಠ ರಾಜಪ್ಪ ತೀರ್ಪನ್ನು ಮರುಪರಿಶೀಲನೆಗೆ ಕಳಿಸಿತು. 2017ರ ಜನವರಿ 2ರಂದು ಏಳು ಜನರ ಪೀಠ ಅದನ್ನು ಒಂಬತ್ತು ಜನರಿಗೆ ಒಪ್ಪಿಸಿತು. ಪೀಠದ ಮುಖ್ಯಸ್ಥ ಟಿ.ಎಸ್. ಠಾಕೂರ್ ಮರುದಿನ ನಿವೃತ್ತರಾದರು. ಮುಖ್ಯ ನ್ಯಾಯಮೂರ್ತಿಗಳು ಮನೆಗೆ ಹೊರಡುವ ಹೊತ್ತಿಗೇ ಈ ವಿಷಯ ಮೇಜಿಗೆ ಬರುವುದು ಕಾಕತಾಳೀಯವೇ ಇರಬೇಕು.

ಈ ನಡುವೆ 1983ರ ಒಂದು ತೀರ್ಪು ನನ್ನ ಹುಡುಕಾಟಕ್ಕೆ ನೇರವಾಗಿ ಬೇಕಾದದ್ದು: ಡಿ.ಪಿ. ಮಹೇಶ್ವರಿ ಪ್ರಕರಣ. ಅಲ್ಲಿ ಪ್ರಾಥಮಿಕ ಆಕ್ಷೇಪ, ನೌಕರ ‘ಕಾರ್ಮಿಕ’ನೇ ಅಲ್ಲ ಎಂಬುದು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ರೋಸಿ ಬರೆದರು. ಹಣಬಲವಿರುವ ಮಾಲೀಕರು ಇಂಥ ಆಕ್ಷೇಪ ಎತ್ತಿ ಕಾರ್ಮಿಕನನ್ನು ಕೋರ್ಟಿನಿಂದ ಕೋರ್ಟಿಗೆ ಅಲೆಸುತ್ತಾರೆ. ಕೆಳಗಿನ ನ್ಯಾಯಾಧಿಕರಣಗಳು ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೇ ತೀರ್ಮಾನಿಸಬೇಕು ಎಂಬುದು ಅದರ ಸಾರ. 1972ರಲ್ಲಿ ಹೀಗೆ ಆಗಿದ್ದರೆ? ಕಾರ್ಮಿಕ ನ್ಯಾಯಾಲಯ ಮಂಡಳಿಯ ಆಕ್ಷೇಪದ ಜೊತೆಗೇ ದಂಡದ ವಿಚಾರಣೆಯನ್ನೂ ಮುಗಿಸಿದ್ದರೆ, ಮೊತ್ತ, ತಪ್ಪು, ಸಾಕ್ಷಿ ಎಲ್ಲ ದಾಖಲಾಗಿ ಮೇಲಿನ ಕೋರ್ಟುಗಳ ಕಡತಗಳಿಗೂ ಹೋಗುತ್ತಿತ್ತು. ಮೊದಲು ಆಕ್ಷೇಪ, ಆಮೇಲೆ ಅರ್ಜಿ ಎಂಬ ಕ್ರಮವೇ ರಾಜಪ್ಪನವರ ಕಥೆಯನ್ನು ಅಚ್ಚಿನಿಂದ ಹೊರಗಿಟ್ಟದ್ದು ಎನ್ನಲು ನನಗೆ ಹಿಂಜರಿಕೆಯಿಲ್ಲ. ಮೇಲ್ಮನವಿ ವಜಾ ಆದ ಮೇಲೆ ಅರ್ಜಿಗೆ ಮುಂದೆ ದಾರಿಯಿದ್ದದ್ದು ಕೆಳಗಿನ ಕೋರ್ಟಿನಲ್ಲೇ, ಅಂಥ 33ಸಿ(2) ಆದೇಶಗಳನ್ನು ಲಾ ರಿಪೋರ್ಟುಗಳು ಅಚ್ಚು ಹಾಕುವುದಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ ವ್ಯಾಖ್ಯೆಯಲ್ಲಿ ಅಯ್ಯರ್ ಅವರ ಮೂರು ಒರೆಗಲ್ಲುಗಳ ಅಚ್ಚು ಸ್ಪಷ್ಟ. ಧರ್ಮಾರ್ಥ ಸಂಸ್ಥೆಗಳು, ಸಾರ್ವಭೌಮ ಕಾರ್ಯಗಳು ಹೊರಗೆ. 33ಸಿಯ ಕೆಲಸ ಈಗ 59ನೇ ಕಲಮಿನದು. ಹೊಸ ವ್ಯಾಖ್ಯೆಯಲ್ಲೂ ‘ಸಾರ್ವಭೌಮ’ ಎಂಬ ಸಂದಿ ಇರುವಷ್ಟು ಕಾಲ ಮಂಡಳಿಯ ಹಳೆಯ ವಾದಕ್ಕೆ ಹೊಸ ಒಡೆಯರು ಸಿಗಬಹುದು.

ದಂಡದ ಮೊತ್ತ ಹುಡುಕಲು ಇನ್ನೊಂದು ದಾರಿ ಉಳಿದಿದೆ, ಅದು ಕೈಗಾರಿಕೆಯ ವ್ಯಾಖ್ಯೆಯ ಹಂಗೇ ಇಲ್ಲದ ದಾರಿ. 1936ರ ವೇತನ ಪಾವತಿ ಕಾಯ್ದೆ ದಂಡವನ್ನು ಬಿಗಿಯಾಗಿ ಕಟ್ಟಿಹಾಕಿತ್ತು. ಮೂಲ ಕಾಯ್ದೆಯ ಮಿತಿ ಕೂಲಿಯ ರೂಪಾಯಿಗೆ ಅರ್ಧ ಆಣೆ. ಕಾರಣ ಹೇಳಲು ಅವಕಾಶ ಕೊಡದೆ ದಂಡ ಹಾಕುವಂತಿಲ್ಲ, ಬಂದ ಹಣ ನೌಕರರ ಹಿತಕ್ಕೇ ಹೋಗಬೇಕು, ಪ್ರತಿ ದಂಡವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಕಾಯ್ದೆ ಯಾವ ಯಾವ ಸಂಸ್ಥೆಗಳಿಗೆ ಅನ್ವಯಿಸಬಹುದು ಎಂಬ ಪಟ್ಟಿಯಲ್ಲಿ ನೀರು ಸರಬರಾಜು ಹೆಸರು ಹಿಡಿದೇ ಇತ್ತು; ಒಂದು ಕಾನೂನು ಒಂದು ಸಾಲಿನಲ್ಲಿ ಹೇಳಿದ್ದನ್ನು ಇನ್ನೊಂದು ಕಾನೂನಿನಡಿ ಹೇಳಲು ಏಳು ಜನ ಬೇಕಾಯಿತು. ರಾಜ್ಯ ಸರ್ಕಾರದ ಅಧಿಸೂಚನೆ ಇದ್ದರೆ ಮಾತ್ರ ಅನ್ವಯ ಎಂಬ ಷರತ್ತನ್ನೂ ಮರೆಯಬಾರದು. ಅದು ಇತ್ತು ಎಂದಿಟ್ಟುಕೊಂಡರೆ ಮಂಡಳಿಯ ಕಚೇರಿಯಲ್ಲಿ ಅಡ್ಡಗೆರೆಯ ಒಂದು ಪುಸ್ತಕ ಇರಬೇಕಿತ್ತು: ಹೆಸರು, ತಂದೆಯ ಹೆಸರು, ವಿಭಾಗ, ತಪ್ಪಿನ ಸ್ವರೂಪ ಮತ್ತು ದಿನಾಂಕ, ನೌಕರ ಕಾರಣ ತೋರಿಸಿದನೇ ಹೇಗೆ, ಸಂಬಳದ ದರ, ದಂಡದ ಮೊತ್ತ, ವಸೂಲಾದ ದಿನ. ನಾನು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಅಲ್ಲಿ ಒಂದೊಂದು ಕಾಲಂ. ನೌಕರರ ಇಡೀ ದೂರು, ತಮ್ಮ ಮಾತು ಕೇಳಲಿಲ್ಲ ಎಂಬುದು, ಮಧ್ಯದ ಒಂದು ಕಾಲಮಿನಷ್ಟು. ಆ ಕಾಲಂ ಖಾಲಿಯಿದ್ದರೆ ರಾಜಪ್ಪನವರ ಮಾತಿಗೆ ಬಲ ಬರುತ್ತದೆ. ದಿನಾಂಕ ತುಂಬಿದ್ದರೆ ಮಂಡಳಿಯ ಬಳಿಯೂ ಹೇಳಿಕೊಳ್ಳಲು ಒಂದು ಉತ್ತರವಿತ್ತು ಎಂದಾಗುತ್ತದೆ. ಆಗ, ಕೈಯಲ್ಲಿದ್ದ ಆ ಉತ್ತರವನ್ನು ಬಿಟ್ಟು ಅದು ಆರು ವರ್ಷ ರಾಜ್ಯಾಧಿಕಾರದ ವಾದವನ್ನೇ ಏಕೆ ಹಿಡಿದು ಹೋಯಿತು ಎಂಬುದನ್ನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ.